ಗಂಟುಗಟ್ಟಿದ ಹತ್ತಿ

ಅಕ್ಕನ ದಿಂಬಿನ ಅಂಗಡಿಗೆ ಬರುವವರದೆಲ್ಲ ಒಂದೇ ದೂರು. ದಿಂಬು ಕುಸಿದಿದೆ, ಇನ್ನೊಂದು ಹಿಡಿ ಹತ್ತಿ ತುರುಕಿ ಕೊಡಿ.

“ತುರುಕಿದ್ರೆ ಕಲ್ಲಾಗುತ್ತಮ್ಮ,” ಎನ್ನುತ್ತಿದ್ದಳು ಅಕ್ಕ. “ಒಳಗಿರೋದು ಗಂಟಾಗಿದೆ. ಪೂರ್ತಿ ಹೊರಗೆ ತೆಗೀಬೇಕು, ಹಿಂಜಬೇಕು, ಆಮೇಲೆ ತುಂಬಬೇಕು. ಅವಸರ ಇದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ.”

ಯಾರೂ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಕ್ಕ ತಂಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಹಿಂಜುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವರ ಅಡುಗೆ, ಊಟ, ಹಾಸಿಗೆ. ಎಷ್ಟು ಗುಡಿಸಿದರೂ ಅನ್ನದ ತಟ್ಟೆಯಲ್ಲಿ ಒಂದೆಳೆ ಹತ್ತಿ ಸಿಕ್ಕೇ ಸಿಗುತ್ತಿತ್ತು. ಪಕ್ಕದ ಔಷಧಿ ಅಂಗಡಿಯವನು ತಮಾಷೆ ಮಾಡುತ್ತಿದ್ದ: “ನೀವು ಊರಿಗೆಲ್ಲ ನಿದ್ದೆ ಹೊಲೀತೀರಿ, ನಾನು ನಿಮ್ಮಕ್ಕನಿಗೆ ನಿದ್ದೆ ಮಾರ್ತೀನಿ. ಲೆಕ್ಕ ಸರಿಹೋಯ್ತು.” ಅಕ್ಕ ನಗುತ್ತಿದ್ದಳು. ತಂಗಿ ನಗುತ್ತಿರಲಿಲ್ಲ.

ತಂಗಿಯನ್ನು ಅಕ್ಕ ‘ಚಿಕ್ಕಿ’ ಎಂದೇ ಕರೆಯುತ್ತಿದ್ದಳು. ಅದು ಅಕ್ಕನ ಮಗಳು ಚಿಕ್ಕಮ್ಮನನ್ನು ಕರೆಯುತ್ತಿದ್ದ ರೀತಿ. ಮಗು ಇನ್ನೂ ಅಕ್ಷರ ಕಲಿಯುತ್ತಿರುವಾಗಲೇ ಜ್ವರ ಬಂದು ತೀರಿಕೊಂಡಿತು. ವರ್ಷ ತುಂಬುವ ಮೊದಲೇ ಭಾವ ಬೇರೆ ಊರು, ಬೇರೆ ಸಂಸಾರ ನೋಡಿಕೊಂಡ. ಆ ಕರೆಯೊಂದು ಮನೆಯಲ್ಲಿ ಉಳಿಯಿತು.

ಮಾತ್ರೆ ಶುರುವಾದದ್ದು ಆಗಲೇ. ಮೊದಲು ಅರ್ಧ ನುಂಗಿದರೆ ಸಾಕು, ಅಕ್ಕ ಕೊರಡಿನ ಹಾಗೆ ಮಲಗುತ್ತಿದ್ದಳು. ಬೆಳಿಗ್ಗೆ ಕಾಫಿ ಹಿಡಿದು ಎಬ್ಬಿಸಲು ಹೋದರೆ ಮುಖದ ಗೆರೆಗಳೆಲ್ಲ ಅಳಿಸಿಹೋಗಿ, ಮದುವೆಗೆ ಮೊದಲಿನ ಅಕ್ಕನಾಗಿರುತ್ತಿದ್ದಳು. ಆ ಮುಖ ನೋಡಲು ಚಿಕ್ಕಿ ಲೋಟ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಅರ್ಧ ಸಾಲದಾಯಿತು. ಒಂದಾಯಿತು, ಅದೂ ಸಾಲದಾಯಿತು. ನೀರು ಕೆಳಗಿಳಿದ ಬಾವಿಗೆ ಪ್ರತಿ ಬೇಸಿಗೆಯೂ ಹಗ್ಗ ಗಿಡ್ಡವಾಗುವ ಹಾಗೆ. ಅಕ್ಕನನ್ನು ನೋಡುತ್ತಿದ್ದ ಡಾಕ್ಟರು ಇನ್ನು ಹೆಚ್ಚಿಸುವುದಿಲ್ಲ ಎಂದುಬಿಟ್ಟರು.

ಆಗ ಚಿಕ್ಕಿ ಬೇರೆ ಬೀದಿಯ ಕ್ಲಿನಿಕ್ಕಿಗೆ ಹೋಗಿ, ತನಗೆ ನಿದ್ದೆ ಬರುವುದಿಲ್ಲ ಎಂದಳು. ಅವಳಿಗೋ ತಲೆ ದಿಂಬಿಗೆ ತಾಗಿದರೆ ಗೊರಕೆ. ಆದರೆ ಹತ್ತಿಯ ಧೂಳಿಗೆ ಕಣ್ಣು ಯಾವಾಗಲೂ ಕೆಂಪಗೇ ಇರುತ್ತಿತ್ತು. ಡಾಕ್ಟರು ಆ ಕಣ್ಣು ನೋಡಿ, “ಪಾಪ, ಎಷ್ಟು ದಿನದಿಂದಮ್ಮ?” ಎಂದು ಕೇಳಿ, ಮಾತ್ರೆ ಬರೆದುಕೊಟ್ಟರು. ಅದನ್ನು ತಂದು ಚಿಕ್ಕಿ ಅಕ್ಕನ ಹೊಲಿಗೆ ಡಬ್ಬಿಯಲ್ಲಿ ನೂಲುಂಡೆಗಳ ಕೆಳಗೆ ಇಟ್ಟಳು. ಅಕ್ಕ ಎಲ್ಲಿಂದ ಬಂತೆಂದು ಕೇಳಲಿಲ್ಲ. ಆ ವಿಷಯ ಇಬ್ಬರ ನಡುವೆ ಎಂದೂ ಮಾತಾಗಿ ಬರಲಿಲ್ಲ.

ಕೆಲವು ವಾರ ಆ ಹಳೆಯ ಮುಖ ಮತ್ತೆ ಬಂತು. ಆಮೇಲೆ ಅದೂ ಹೋಯಿತು.

ಹೀಗಿರುವಾಗ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಗಂಟಲಿನಿಂದ ಪೈಪು ಬಿಟ್ಟು ಹೊಟ್ಟೆ ನೋಡಬೇಕು, ಮಂಪರಿಗೆ ಇಂಜೆಕ್ಷನ್ ಕೊಡುತ್ತೇವೆ, ಏನೂ ಗೊತ್ತಾಗುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ನರ್ಸು ದಿನಾ ಏನಾದರೂ ಮಾತ್ರೆ ತಗೊಳ್ಳುತ್ತೀರಾ ಎಂದು ಕೇಳಿದಾಗ ಅಕ್ಕ, “ನಿದ್ದೆಗೆ ಅರ್ಧ. ಅದೂ ಯಾವಾಗಾದ್ರೂ,” ಎಂದು ಚಿಕ್ಕಿಯ ಕಡೆ ನೋಡಿದಳು. ಚಿಕ್ಕಿ ಅಕ್ಕ ಬಿಚ್ಚಿಕೊಟ್ಟ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟುತ್ತಿದ್ದಳು. ಗಂಟನ್ನು ಇನ್ನಷ್ಟು ಬಿಗಿದಳು.

ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಮಂಪರು ಕೊಡುವ ಡಾಕ್ಟರು, ಚಿಕ್ಕಿಗಿಂತ ಕಿರಿಯ ಹೆಂಗಸು, ಹೊರಗೆ ಬಂದು ಅವಳ ಪಕ್ಕದ ಬೆಂಚಿನ ಮೇಲೇ ಕೂತರು.

“ನಿಮ್ಮಕ್ಕನಿಗೆ ಎಲ್ಲರಿಗೂ ಕೊಡುವಷ್ಟು ಕೊಟ್ಟಿದೀನಿ. ಕಣ್ಣು ಬಿಟ್ಕೊಂಡು, ‘ಯಾವಾಗ ಶುರು ಮಾಡ್ತೀರಿ’ ಅಂತ ನನ್ನನ್ನೇ ಕೇಳ್ತಿದಾರೆ. ನಿಜ ಹೇಳಿ, ಎಷ್ಟು ಮಾತ್ರೆ ನುಂಗ್ತಾರೆ?”

“ಅವಳು ಹೇಳಿದಳಲ್ಲ.”

“ಅರ್ಧ ಮಾತ್ರೆಯವರು ಹೀಗೆ ಎಚ್ಚರ ಇರಲ್ಲಮ್ಮ. ದಿನಾ ‘ಸುಮ್ಮನಿರು, ಸುಮ್ಮನಿರು’ ಅಂದ್ರೆ ಮಗು ಕಿವಿಗೆ ಹಾಕ್ಕೊಳ್ಳೋದು ಬಿಡುತ್ತಲ್ಲ, ಮಿದುಳೂ ಹಾಗೇ. ಅದಕ್ಕೇ ಮಾತ್ರೆ ಹಿಡಿಯಲ್ಲ. ಆದರೆ ನಿದ್ದೆ ಮಾತ್ರೆಗೆ ಒಗ್ಗಿಹೋಯ್ತು ಅಂತ ಉಸಿರೂ ಅಷ್ಟೇ ಒಗ್ಗಿರುತ್ತೆ ಅನ್ನೋ ಹಾಗಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ನಾನು ಮೇಲೆ ಮೇಲೆ ಕೊಟ್ಟರೆ ಉಸಿರೇ ನಿಲ್ಲಬಹುದು.”

ಚಿಕ್ಕಿ ಮಡಿಲಿನ ಗಂಟನ್ನು ನೋಡಿದಳು. ಹೇಳಿದರೆ ಎರಡೂ ಕಡೆಯ ಮಾತ್ರೆ ನಿಂತುಹೋಗುತ್ತದೆ. ಅಕ್ಕ ಜೀವವಿರುವಷ್ಟು ದಿನ ಇದನ್ನು ಮರೆಯುವುದಿಲ್ಲ.

“ಅವಳದು ಎರಡು,” ಎಂದಳು. “ನನ್ನದು ಎರಡು. ನನ್ನದನ್ನೂ ಅವಳೇ ನುಂಗ್ತಾಳೆ. ನಾನೇ ತಂದುಕೊಡ್ತೀನಿ.”

ಡಾಕ್ಟರು ಬೈಯಲಿಲ್ಲ. ಎದ್ದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎನ್ನಿಸಿತು ಚಿಕ್ಕಿಗೆ.

ಹೊಟ್ಟೆಯಲ್ಲಿದ್ದದ್ದು ಬರೀ ಹುಣ್ಣು, ಔಷಧಿಗೆ ಮಾಯುವಂಥದ್ದು. ನಿದ್ದೆಯ ಮಾತ್ರೆಯನ್ನು ಮಾತ್ರ ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕು ಎಂದರು ಡಾಕ್ಟರು. ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು.

“ಹೇಳಿಬಿಟ್ಟೆಯಲ್ಲ,” ಎಂದಳು ಅಕ್ಕ ಮಂಚದ ಮೇಲಿಂದ.

“ಹೇಳದೇ ಇದ್ರೆ ಉಸಿರು ಹೋಗ್ತಿತ್ತು.”

“ಹೋಗ್ತಿತ್ತು. ಅದರಿಂದ ಯಾರ ಗಂಟು ಹೋಗ್ತಿತ್ತು?”

ನನ್ನದು, ಎನ್ನಬೇಕೆಂದುಕೊಂಡಳು ಚಿಕ್ಕಿ. ಕರವಸ್ತ್ರದ ಗಂಟು ಬಿಚ್ಚಿ ಬಳೆಗಳನ್ನು ಅಕ್ಕನ ಪಕ್ಕಕ್ಕೆ ಇಟ್ಟಳು.

ಮನೆಗೆ ಬಂದಮೇಲೆ ಅಕ್ಕ ಮಾತು ಬಿಟ್ಟಳು. ಗಿರಾಕಿಗಳೊಂದಿಗೆ ಮಾತಾಡುತ್ತಿದ್ದಳು, ತಂಗಿಯೊಂದಿಗೆ ಇಲ್ಲ. ಮಾತ್ರೆ ಇಳಿದಂತೆಲ್ಲ ಅವಳ ಕೈ ನಡುಗುತ್ತಿತ್ತು. ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಆಗದೆ ಸೂಜಿಯನ್ನು ಎಸೆದದ್ದೂ ಉಂಟು. ಚಿಕ್ಕಿ ಬೇಗ ಎದ್ದು ಎಲ್ಲ ಸೂಜಿಗಳಿಗೂ ದಾರ ಪೋಣಿಸಿ ದಿಂಬಿಗೆ ಚುಚ್ಚಿಡತೊಡಗಿದಳು. ಅಕ್ಕ ಒಂದೊಂದೇ ಕಿತ್ತುಕೊಂಡು ಹೊಲಿದಳು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೊಲಿಯುತ್ತಿದ್ದ ಅಕ್ಕ ತಲೆ ಎತ್ತದೆಯೇ ಹೇಳಿದಳು.

“ಮಾತ್ರೆ ಹಿಡೀತಿದ್ದಾಗ ಮಗು ಬರ್ತಿರಲಿಲ್ಲ. ಅದಕ್ಕೇ ನುಂಗ್ತಿದ್ದೆ. ಹಾಳು ನಿದ್ದೆ ಯಾರಿಗೆ ಬೇಕಿತ್ತು?”

ಚಿಕ್ಕಿ ಹತ್ತಿ ಹಿಂಜುವುದನ್ನು ನಿಲ್ಲಿಸಿದಳು.

“ಈಗ ಬರ್ತಾಳೆ. ಆ ಹೊಸ್ತಿಲಲ್ಲೇ ನಿಲ್ತಾಳೆ. ಬಾಯಿ ಆಡ್ತಾನೇ ಇರುತ್ತೆ, ದನಿ ಕೇಳಿಸಲ್ಲ.” ಅಕ್ಕನ ಸೂಜಿ ನಿಂತಿತು. “ನಿನ್ನನ್ನ ಹೇಗೆ ಕರೀತಿದ್ಲು ಹೇಳು. ಒಂದು ಸಲ ಹಾಗೇ ಕರೆದು ತೋರಿಸು.”

ಚಿಕ್ಕಿ ಬಾಯಿ ತೆರೆದಳು. ಒಳಗೆಲ್ಲ ಹುಡುಕಿದಳು. ಇಷ್ಟು ವರ್ಷ ಅವಳನ್ನು ಹಾಗೆ ಕರೆದದ್ದು ಅಕ್ಕ ಒಬ್ಬಳೇ. ಕೇಳಿಸಿದ್ದು ಅಕ್ಕನ ದನಿಯೇ, ಅದರ ಹಿಂದೆ ಯಾರೂ ಇರಲಿಲ್ಲ. ಏನೋ ಒಂದು ಎಳೆದನಿಯಲ್ಲಿ ಕರೆದು ತೋರಿಸಿದ್ದರೆ ಅಕ್ಕ ನಂಬುತ್ತಿದ್ದಳು. ಕೆಂಪು ಕಣ್ಣನ್ನು ಡಾಕ್ಟರು ನಂಬಿದ ಹಾಗೆ.

“ನನಗೂ ನೆನಪಿಲ್ಲ ಅಕ್ಕ.”

ಅಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ, ಪೆಟ್ಟಿಗೆಯಿಂದ ಮಗಳ ಪುಟ್ಟ ದಿಂಬು ತಂದಳು. ಅದನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ, ಬಿಸಿಲಿಗೂ ಹಾಕಿದವಳಲ್ಲ. ಕತ್ತರಿ ತೆಗೆದುಕೊಂಡು ಅಂಚಿನ ಹೊಲಿಗೆ ಬಿಚ್ಚಿದಳು. ಹಳದಿಯಾದ ಹತ್ತಿ ಉಂಡೆಉಂಡೆಯಾಗಿ ಚಾಪೆಯ ಮೇಲೆ ಬಿತ್ತು.

ಚಿಕ್ಕಿ ಎದುರಿಗೆ ಕೂತು ಒಂದು ಉಂಡೆ ತೆಗೆದುಕೊಂಡಳು. ಧೂಳೆದ್ದಿತು.

“ಮೂಗಿಗೆ ಬಟ್ಟೆ ಕಟ್ಕೋ ಅಕ್ಕ.”

“ಬೇಡ ಇರು,” ಎಂದಳು ಅಕ್ಕ. ಒಂದು ಉಂಡೆಯನ್ನು ಮುಖದ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು. ಹಳೆಯ ಹತ್ತಿಯ ವಾಸನೆ ಬಿಟ್ಟರೆ ಬೇರೇನೂ ಬಂದಿರಲಾರದು. ಉಂಡೆಯನ್ನು ಮಡಿಲಿಗೆ ಇಳಿಸಿಕೊಂಡು ಎಳೆಎಳೆಯಾಗಿ ಬಿಡಿಸತೊಡಗಿದಳು.