ಕಪ್ಪಿಡುವ ಹಲಗೆ

ಚಳಿಗಾಲ ಇನ್ನೂ ಕಾಲು ಕಿತ್ತಿರಲಿಲ್ಲ. ಬಿಸಿಲು ಅಡುಗೆಮನೆ ಕಿಟಕಿಗೆ ಬರುವ ಹೊತ್ತಿಗೆ ಗೋಡೆಯ ಕಬೋರ್ಡಿನ ಬೀಗ ಹಿಡಿದು ತಮ್ಮ ಜಗ್ಗುತ್ತಿದ್ದ. ಹೊರಕೋಣೆಯಲ್ಲಿ ಅಣ್ಣನ ಹೆಣ. ಬಂದವರಿಗೆಂದು ಒಲೆಯ ಮೇಲೆ ಟೀ ಕುದಿಯುತ್ತಿತ್ತು; ಕಪ್ಪುಗಳೆಲ್ಲ ಬೀಗದೊಳಗೆ, ಬೀಗದಕೈ ಕಳೆದಿತ್ತು.

"ಬೀಗದಕೈ ನಿನ್ ಹತ್ರಾನೇ ಅಲ್ವೇನಪ್ಪಾ ಇದ್ದಿದ್ದು?" ಅತ್ತಿಗೆ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಚುಚ್ಚಿತು.

ಬಾಗಿಲಲ್ಲಿ ನಿಂತಿದ್ದ ಪಾಲಿಶಿನವನು, ಮೇಸ್ತ್ರಿಯಾಗಿದ್ದ ಅಣ್ಣನ ಮರಗೆಲಸದ ಶೆಡ್ಡಿನ ಹಳೇ ಜೊತೆಗಾರ, ಮೂಗೊರೆಸಿಕೊಂಡ. "ಮೇಸ್ತ್ರಿ ಎದ್ದು ಕೂತಿದ್ರೆ ಈಗ ಶುರು ಹಚ್ಕೊಳ್ಳೋನು. ‘ಇಂಗ್ಲಿಷಿನೋರ ಕಪ್ಪೊಂದು, ಬೋರ್ಡೊಂದು, ಗಂಟು ಹಾಕಿದ್ರೆ ಕಬೋರ್ಡು. ಅದರ ಮುತ್ತಜ್ಜ ಬರೀ ಕಪ್ಪಿಡೋ ಹಲಗೆ ಕಣ್ರೋ. ಬಾಗಿಲು ಆಮೇಲೆ ಬಂದು ಸೇರ್ಕೊಂಡ ನೆಂಟ!’"

ಅತ್ತಿಗೆ ಅಳುತ್ತಲೇ ನಕ್ಕರು. ತಮ್ಮ ಮತ್ತೆ ಬೀಗ ಜಗ್ಗಿದ.

*

ಆ ಮಾತನ್ನು ಹಿಂದೊಮ್ಮೆ ಅಣ್ಣನ ಕಿವಿಗೆ ಹಾಕಿದ್ದು ಕುರ್ಚಿ ರಿಪೇರಿಗೆ ಬಂದಿದ್ದ ಒಬ್ಬ ಮೇಷ್ಟ್ರು. ಅಣ್ಣ ಕೇಳಿ ಸುಮ್ಮನಾಗಲಿಲ್ಲ. ಅಡುಗೆಮನೆ ಗೋಡೆಗೆ ಬಾಗಿಲಿಲ್ಲದ ಹಲಗೆ ಬಡಿದು ಕಪ್ಪು ಜೋಡಿಸಿದ. ಶೆಡ್ಡಿನವರು ನಡುಹಗಲಿಗೆ ಬಂದು, ತಾವೇ ಕಪ್ಪೆತ್ತಿಕೊಂಡು ಟೀ ಕುಡಿದು, ತೊಳೆದಿಟ್ಟು ಹೋಗುವರು.

ತನ್ನ ಮದುವೆಯಾದ ಮೇಲೆ ತಮ್ಮನಿಗೆ ಅದು ಕಣ್ಣಲ್ಲಿ ಕಸವಾಯಿತು.

"ಇದೇನು ಮನೆಯೋ ಟೀ ಅಂಗಡಿಯೋ? ಬಾಗಿಲು ಹಾಕಿ ಬೀಗ ಜಡಿ ಅಣ್ಣಾ."

ಅಣ್ಣ ಹಿಡಿ ಮುರಿದ ತನ್ನ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. "ಆಗ್ಲಿ ಬಿಡು."

ಮಾರನೇ ದಿನ ತಾನೇ ಬಾಗಿಲು ಮಾಡಿ ಕೂರಿಸಿ, ಬೀಗದಕೈ ತಮ್ಮನ ಕೈಗಿಟ್ಟ. ಜನ ಬರುವುದು ನಿಂತಿತು. ಅಣ್ಣನೂ ಶೆಡ್ಡಿನಲ್ಲೇ ಲೋಟಕ್ಕೆ ಟೀ ಬಗ್ಗಿಸಿಕೊಳ್ಳತೊಡಗಿದ. ಒಂದು ದಿನವೂ ಆಡಿ ತೋರಿಸಲಿಲ್ಲ.

*

"ಬಾಗಿಲಿನ ಕೀಲು ಬಿಚ್ಚು," ಪಾಲಿಶಿನವನು ಸ್ಕ್ರೂಡ್ರೈವರ್ ಚಾಚಿದ. "ನಿಮ್ಮಣ್ಣ ಕೂರಿಸಿದ್ದು, ಸುಲಭಕ್ಕೆ ಬರಲ್ಲ."

ಆಗ ಮೊದಲ ಸಲ ತಮ್ಮ ಸರಿಯಾಗಿ ನೋಡಿದ. ಬೀಗದ ಬಾಗಿಲಿಗೆ ಯಾವ ಬಡಗಿಯೂ ಬಿಚ್ಚಲು ಸಿಗುವಂತೆ ಕೀಲು ಹೊರಗಿಡುವುದಿಲ್ಲ. ಅಣ್ಣ ಇಟ್ಟಿದ್ದ.

ಸ್ಕ್ರೂ ಒಂದೇ ಸುತ್ತಿಗೆ ಸಡಿಲವಾಗಿ, ಆಮೇಲೆ ಬೆರಳಿಗೇ ತಿರುಗಿತು. ಬೆಳಕಿಗೆ ಹಿಡಿದರೆ ಅದರ ಸುತ್ತುಗೆರೆಗಳ ತುಂಬ ಮೇಣ.

ಪಾಲಿಶಿನವನು ಮೆಲ್ಲಗೆ ಹೇಳಿದ, "ಮತ್ತೆ ಬಿಚ್ಚೋದಿರೋ ಕಡೆ ಮಾತ್ರ ಮೇಣ ಹಚ್ತಿದ್ದ."

"ನಂಗೆ ಒಂದ್ಮಾತು ಹೇಳ್ಬಾರ್ದಿತ್ತಾ?"

"‘ಅವನೇ ಒಂದಿನ ತೆಗಿ ಅಂತಾನೆ’ ಅಂತಿದ್ರು," ಅತ್ತಿಗೆ ಅಂದರು.

ಬಾಗಿಲು ಗೋಡೆಗೊರಗಿತು. ಶೆಡ್ಡಿನವರು ಒಬ್ಬೊಬ್ಬರೇ ಬಂದು, ಯಾರನ್ನೂ ಕೇಳದೆ ಕಪ್ಪೆತ್ತಿಕೊಂಡರು. ತಮ್ಮನೊಬ್ಬ ಮೂಲೆಯಲ್ಲಿ ನಿಂತು ಲೋಟದಲ್ಲಿ ಕುಡಿದ.

ತೊಳೆದ ಕಪ್ಪುಗಳು ಒದ್ದೆಯಾಗಿ ಹಲಗೆಗೆ ಮರಳಿದವು. ಹಿಡಿ ಮುರಿದ ಅಣ್ಣನ ಕಪ್ಪೊಂದು ಮಾತ್ರ ಒಣಗಿ, ಧೂಳು ಹೊತ್ತು ಅಲ್ಲೇ ಇತ್ತು.

ಅಣ್ಣ ಚಟ್ಟವೇರಿ ಹೊರಟದ್ದು ಅಂದೇ, ಗುರುವಾರ, ನಡುಹಗಲ ಟೀ ಹೊತ್ತಿಗೆ.