ಬೋಗುಣಿಯ ಮೇಲಿನ ಬಟ್ಟೆ

ಒಡೆಲಾಳ ಮನೆಯಲ್ಲಿ ಸಂಜೆ ಒಲೆ ಹೊತ್ತಿಸುವ ರೂಢಿಯೇ ಇರಲಿಲ್ಲ. ಹೊತ್ತಿಸಿ ಬೇಯಿಸುವುದೇನನ್ನು? ಊಟ ವಿಟ್ಲೋ ದೊರೆಸಾನಿಯ ಅಡುಗೆಮನೆಯಿಂದ ಬರಬೇಕು. ಬಿಳಿಯರು ತಿಂದು ಮಿಕ್ಕಿದ್ದನ್ನು ತಗಡಿನ ಬೋಗುಣಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಹಿಂಬಾಗಿಲಿನಿಂದ ಹೊರಬಂದರೆ ಅವಳ ದಿನದ ದುಡಿಮೆ ಮುಗಿದಂತೆ.

ಅಲಬಾಮಾದ ಆ ಊರಿನಲ್ಲಿ ಅಡುಗೆಗೆ ಹೋಗುವ ಕರಿ ಹೆಂಗಸರೆಲ್ಲರ ಪಾಡೂ ಅದೇ. ಸಂಬಳ ಅರ್ಧ ದುಡ್ಡು, ಅರ್ಧ ಎಂಜಲು. ದೊರೆಸಾನಿಯರು ಕೂಲಿ ಗೊತ್ತು ಮಾಡುವಾಗ ಬೋಗುಣಿಯನ್ನೂ ಲೆಕ್ಕಕ್ಕೆ ಹಿಡಿದೇ ಮಾತಾಡುತ್ತಿದ್ದರು. ಆದರೆ ಅದನ್ನು ಬಾಯಿಬಿಟ್ಟು ಹೇಳಿದವರಿಲ್ಲ, ಕೇಳಿದವರೂ ಇಲ್ಲ. ಸಂಜೆಯಾದರೆ ಕೇರಿಯ ಮಕ್ಕಳು ದಾರಿಗೆ ಬಂದು ನಿಂತು, ಬಟ್ಟೆಯ ಮೇಲಿಂದಲೇ ಮೂಸಿ, ಇವತ್ತು ಕೋಳಿಯೋ ಬರೀ ಸೊಪ್ಪೋ ಹೇಳಿಬಿಡುತ್ತಿದ್ದವು.

ಕೇರಿಯ ಚರ್ಚಿನ ಗ್ಯಾಡಿಸ್ ಪಾದ್ರಿಯ ಮಾತು ಕೇಳಿ ಒಡೆಲಾ ಒಂದು ಸೋಮವಾರ ಮತದಾರರ ಪಟ್ಟಿಗೆ ಹೆಸರು ಬರೆಸಲು ಕಚೇರಿಗೆ ಹೋದಳು. ಕರಿಯರು ವೋಟು ಕೇಳಿದರೆ ಬಿಳಿಯರು ಸಹಿಸದ ಕಾಲ ಅದು. ದೊರೆಸಾನಿಗೆ ಸುದ್ದಿ ಮಧ್ಯಾಹ್ನಕ್ಕೇ ಮುಟ್ಟಿತು. ಅವಳು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಮರುದಿನ ಸಂಜೆ ತಾನೇ ಎದ್ದು ಬಂದು, ಹಂದಿತೊಡೆಯ ದೊಡ್ಡ ತುಂಡೊಂದನ್ನು ಬೋಗುಣಿಗೆ ಹಾಕಿ, ತನ್ನ ಕೈಯಾರೆ ಬಟ್ಟೆ ಮುಚ್ಚಿದಳು. ಒಡೆಲಾಳ ಕಣ್ಣು ತುಂಬಿತು. ಇಷ್ಟು ವರ್ಷದ ಚಾಕರಿಗೆ ಬೆಲೆ ಸಿಕ್ಕಿತೆಂದುಕೊಂಡಳು. ಪಾಪ, ಹೆಡ್ಡಿ.

ಗೇಟಿನ ಹತ್ತಿರ ಪೊಲೀಸಿನವನು ಬಟ್ಟೆ ಎತ್ತಿದ. ದೊರೆಸಾನಿ ಜಗುಲಿಯ ಮೇಲೆ ನಿಂತು, ಮಾಂಸ ತನ್ನದೇ, ತಾನು ಕೊಟ್ಟಿಲ್ಲ ಎಂದಳು.

ಕಳ್ಳತನದ ಕೇಸಾಯಿತು. ಕೇರಿಯವರು ಚರ್ಚಿನ ಜಾಗವನ್ನೇ ಜಾಮೀನಿಗಿಟ್ಟು ಒಡೆಲಾಳನ್ನು ಬಿಡಿಸಿಕೊಂಡು ಬಂದರು. ಆ ಭಾನುವಾರ ಅವಳ ಮನೆಯಲ್ಲಿ ಇಬ್ಬರು ಬಂದು ಕೂತರು. ಒಬ್ಬರು ಪಾದ್ರಿ. ಇನ್ನೊಬ್ಬ ರೂಫಸ್, ಕೊರಿಯಾದಲ್ಲಿ ಯುದ್ಧ ಮಾಡಿ ಬಂದವನು, ಈಗ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು. ಕೇರಿಯ ಹುಡುಗರಿಗೆಲ್ಲ ಅವನ ಮಾತೆಂದರೆ ವೇದವಾಕ್ಯ. ಇಬ್ಬರಿಗೂ ಬೇಕಾದದ್ದು ಬಿಡುಗಡೆಯೇ. ಆದರೆ ಒಬ್ಬರ ದಾರಿ ಕಂಡರೆ ಇನ್ನೊಬ್ಬರಿಗೆ ಆಗದು.

ಪಾದ್ರಿಯ ಯೋಚನೆ ಹೀಗಿತ್ತು: ಒಡೆಲಾ ಕೋರ್ಟಿನಲ್ಲಿ ಸಿಟ್ಟಿಲ್ಲದೆ ನಿಜ ಹೇಳಬೇಕು. ಊರಿನ ಅಡುಗೆಯವರೆಲ್ಲ ಸಾಲಾಗಿ ಬಂದು, ತಾವೂ ಬೋಗುಣಿ ಒಯ್ಯುತ್ತೇವೆ, ಇದು ಇಲ್ಲಿನ ಪದ್ಧತಿ ಎಂದು ಸಾಕ್ಷಿ ನುಡಿಯಬೇಕು. ಆಗ ನಾಚಿಕೆ ಬಿಳಿಯರದಾಗುತ್ತದೆ.

"ನಾಚಿಕೆ ಇದ್ದೋರಿಗಲ್ವಾ ಪಾದ್ರಿಗಳೇ ನಾಚಿಕೆ ಆಗೋದು?" ಎಂದ ರೂಫಸ್. "ಅಕ್ಕ, ನೀನು ಕೋರ್ಟಿಗೆ ಹೋಗಲೇಬೇಡ. ನಿನ್ನ ಬಾಗಿಲಲ್ಲಿ ನಾವು ಕೋವಿ ಹಿಡ್ಕೊಂಡು ಕೂತಿರ್ತೀವಿ. ನಾಳೆಯಿಂದ ಒಬ್ಬಳೂ ಅವರ ಒಲೆ ಹಚ್ಚೋದು ಬೇಡ. ಅವರ ಎಂಜಲು ತಿನ್ನೋ ತನಕ ತಲೆ ಎತ್ತೋದಾದ್ರೂ ಹೇಗೆ?"

"ಕೋವಿ ಹಿಡಿದ್ರೆ ನಮ್ಮನ್ನ ಸುಡೋಕೆ ಅವರಿಗೊಂದು ನೆಪ ಸಿಕ್ತು."

"ನೆಪ ಇಲ್ದೇನೂ ಸುಟ್ಟಿದ್ದಾರಲ್ಲ."

ಮಾತು ಬೆಳೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಒಡೆಲಾ ನಡುವೆ ಕೂತಿದ್ದಳು. ಒಳಗೆ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಮಗಳು ವರ್ನೆಲ್ ಬರಿಯ ಮೆಕ್ಕೆಜೋಳದ ರೊಟ್ಟಿಯನ್ನು ಅಜ್ಜಿಗೆ ನೀರಿನಲ್ಲಿ ಮೆತ್ತಗೆ ಮಾಡಿ ತಿನ್ನಿಸುತ್ತಿದ್ದಳು.

"ನೀವಿಬ್ರೂ ಒಂದಿನಾನೂ ಆ ಬೋಗುಣಿ ಹೊತ್ತೋರಲ್ಲ" ಎಂದಳು ಒಡೆಲಾ.

ಗುಂಡು ಹಾರಿದರೆ ಓಡಲಾರದ ತಾಯಿಯೇ ಮೊದಲು ಸಾಯುವವಳು ಎಂದು ಲೆಕ್ಕ ಹಾಕಿ ಅವಳು ಪಾದ್ರಿಯ ದಾರಿ ಹಿಡಿದಳು. ಕೋರ್ಟಿಗೆ ಕೋವಿ ತರುವುದಿಲ್ಲವೆಂದು ರೂಫಸನಿಂದ ಪಾದ್ರಿ ಆಣೆ ಮಾಡಿಸಿಕೊಂಡರು.

ವಿಚಾರಣೆಯ ದಿನ ಅಡುಗೆಯವರೆಲ್ಲ ಬಂದರು, ಭಾನುವಾರದ ಟೋಪಿ ಹಾಕಿಕೊಂಡೇ ಬಂದರು. ಒಡೆಲಾಳಿಗೆ ಎದೆ ತುಂಬಿ ಬಂತು. ಮೊದಲ ಸಾಕ್ಷಿ ಪಕ್ಕದ ಮನೆಯ ಮೋಜೆಲ್. ಅವಳು ಎದ್ದು ನಿಲ್ಲುವುದಕ್ಕೂ ನ್ಯಾಯಾಧೀಶ ಕನ್ನಡಕ ತೆಗೆಯುವುದಕ್ಕೂ ಸರಿಹೋಯಿತು.

"ಬಾ, ಬಾ. ನಾನೂ ಒಯ್ದಿದ್ದೀನಿ ಅಂತ ಯಾರ್ಯಾರು ಹೇಳ್ತಾರೋ ಅವರ ಹೆಸರನ್ನೂ ಇದೇ ಕೇಸಿಗೆ ಸೇರಿಸ್ತೀನಿ. ಕದ್ದೆ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ."

ಮೋಜೆಲ್ ನಿಂತೇ ಇದ್ದಳು. ಮೊಲೆ ಕುಡಿಯುವ ಕೂಸಿನ ತಾಯಿ ಅವಳು. ಮುಂದೆ ಹೆಜ್ಜೆ ಇಡಲಿಲ್ಲ, ಕೂರಲೂ ಇಲ್ಲ. ಪಾದ್ರಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಹಿಂದಿನ ಗೋಡೆಗೆ ಒರಗಿದ್ದ ರೂಫಸನ ಮುಷ್ಟಿ ಬಿಗಿದಿತ್ತು, ಆದರೆ ಬರಿಗೈ. ಪ್ರಾರ್ಥನೆ ಅಲ್ಲೇ ಉಳಿಯಿತು, ಮುಷ್ಟಿಯೂ ಅಲ್ಲೇ ಉಳಿಯಿತು. ಒಡೆಲಾ ಎದ್ದಳು.

"ಬೇರೆ ಯಾರೂ ಇಲ್ಲ ಸ್ವಾಮಿ" ಎಂದಳು. "ತಗೊಂಡು ಹೋಗ್ತಿದ್ದದ್ದು ನಾನೊಬ್ಬಳೇ."

ಹಾಗೆ ಅವಳು ತನ್ನ ಬಾಯಿಂದಲೇ ಕಳ್ಳಿಯಾದಳು. ಜೈಲಿನ ಹೊಲದಲ್ಲಿ ಒಂದು ವರ್ಷ ದುಡಿಯುವ ಶಿಕ್ಷೆ. ಕಳ್ಳರಿಗೆ ವೋಟಿಲ್ಲವಾದ್ದರಿಂದ ಕಚೇರಿಯಲ್ಲಿ ಅವಳ ಅರ್ಜಿಯನ್ನೂ ಹರಿದು ಹಾಕಿದರು. ದೊರೆಸಾನಿಯ ಒಂದು ತುಂಡು ಮಾಂಸ ಎಷ್ಟೆಲ್ಲ ಕೆಲಸ ಮಾಡಿತು ನೋಡಿ.

ಹತ್ತಿ ಬಿಡಿಸುವ ಕಾಲಕ್ಕೆ ವರ್ನೆಲ್ ನೋಡಲು ಬಂದಳು. ತಂತಿಬೇಲಿಯ ಆಚೆ ನಿಂತು ಊರಿನ ಸುದ್ದಿ ಹೇಳಿದಳು. ಪಾದ್ರಿಗಳು ಮೆರವಣಿಗೆ ತೆಗೆದು ಏಟು ತಿಂದರಂತೆ. ರೂಫಸ್ ಮಾವ ಹುಡುಗರನ್ನು ಕಾವಲಿಗೆ ಹಾಕಿದನಂತೆ, ಅವನ ಲಾರಿಯನ್ನು ಸುಟ್ಟರಂತೆ. ಇಬ್ಬರೂ ಭಾಷಣದಲ್ಲಿ ಅಮ್ಮನ ಹೆಸರು ಹೇಳುತ್ತಾರಂತೆ. ಒಬ್ಬರು ಅವಳ ತಾಳ್ಮೆ ನೋಡಿ ಅನ್ನುತ್ತಾರೆ, ಇನ್ನೊಬ್ಬ ತಾಳ್ಮೆಯಿಂದ ಏನಾಯಿತು ನೋಡಿ ಅನ್ನುತ್ತಾನೆ.

ಒಡೆಲಾಳ ಕಣ್ಣು ಮಗಳ ಕೈ ಮೇಲಿತ್ತು. ಬೆರಳಲ್ಲಿ ಒಲೆ ಸುಟ್ಟ ಗುರುತು.

"ಎಲ್ಲಿ ಕೆಲಸಕ್ಕೆ ಹೋಗ್ತಿದ್ದೀ?"

ಹುಡುಗಿ ನೆಲ ನೋಡಿದಳು. "ವಿಟ್ಲೋ ದೊರೆಸಾನಿ ಮನೆಗೆ. ಬೇರೆ ಯಾರೂ ಕರೀಲಿಲ್ಲಮ್ಮ. ಅಜ್ಜಿಗೆ ಹಸಿವು."

"ಬೋಗುಣಿ ಕೊಡ್ತಾಳಾ?"

"ಕೊಡ್ತಾಳೆ. ನಿಂದೇ. ಪೊಲೀಸಿನೋರು ವಾಪಸ್ ಕೊಟ್ರಂತೆ."

ಒಡೆಲಾ ತಂತಿಯನ್ನು ಗಟ್ಟಿಯಾಗಿ ಹಿಡಿದಳು. ಅಂಗೈಯಲ್ಲಿ ರಕ್ತ ಬಂತು. "ಬಟ್ಟೆ ಮುಚ್ಚಬೇಡ ಮಗಳೇ. ತೆರೆದೇ ತಗೊಂಡು ಹೋಗು. ಊರೆಲ್ಲ ನೋಡ್ಲಿ."

ವರ್ನೆಲ್ ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಮಕ್ಕಳಾಟಿಕೆ ಎಂಬುದಿರಲಿಲ್ಲ.

"ತೆರೆದೇ ತಗೊಂಡು ಹೋಗ್ತೀನಮ್ಮ, ಮೊದಲ ದಿನದಿಂದಾನೂ. ಆದ್ರೆ ಹಿಡಿದ್ರೆ, ನಾನೇ ಕೊಟ್ಟೆ ಅಂತ ದೊರೆಸಾನಿ ಹೇಳ್ಬೇಕಲ್ಲ?"

ಸಮಯವಾಯಿತೆಂದು ಕಾವಲಿನವನು ಸೀಟಿ ಊದಿದ.