ಟಿವಿಯೊಳಗಿನವನಿಗೂ ಏಕಾದಶಿ

ಏಕಾದಶಿ ಬಂತೆಂದರೆ ಗೋದಾಬಾಯಿಯವರ ಮನೆಯಲ್ಲಿ ಒಲೆಗೆ ರಜೆ. ಸೇಲಂ ಎರಡನೇ ಅಗ್ರಹಾರದ ಆ ಮನೆಯಲ್ಲಿ ಉಳಿದ ದಿನಗಳಲ್ಲಿ ಕಾಫಿ, ತಿಂಡಿ, ಅಡಿಗೆ, ಮತ್ತೆ ಕಾಫಿ ಎಂದು ಹೆಂಗಸರ ಕಾಲಿಗೆ ಬಿಡುವೇ ಇರುತ್ತಿರಲಿಲ್ಲ. ಏಕಾದಶಿಯಂದು ಮಾತ್ರ ಬೆಳಗಿನ ಪೂಜೆ ಮುಗಿದರೆ ಇಡೀ ದಿನ ಖಾಲಿ. ಹಿಂದೆಲ್ಲ ಆ ಹೊತ್ತಿನಲ್ಲಿ ಗೋದಾಬಾಯಿ ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಮೊಮ್ಮಗಳು ಸುಪ್ರಜಾ ತನ್ನ ಗೆಳತಿ ಪೂಂಗೊಡಿಯ ಮನೆಯಿಂದ ವಿಡಿಯೋ ಗೇಮಿನ ಡಬ್ಬಿ ತಂದು ಟಿವಿಗೆ ಸಿಕ್ಕಿಸಿದ ಮೇಲೆ ಬತ್ತಿಯನ್ನೆಲ್ಲ ದಶಮಿಯ ದಿನವೇ ಹೊಸೆದಿಡುವ ಅಭ್ಯಾಸವಾಯಿತು.

ಅವರಿಗೆ ಹಿಡಿಸಿದ್ದು ಒಂದೇ ಆಟ. ತಲೆಗೆ ಹಸಿರು ಮುಂಡಾಸು ಸುತ್ತಿದ ಒಬ್ಬ ಗಿಡ್ಡ ಮನುಷ್ಯ ಕೈಯಲ್ಲಿ ದೀಪ ಹಿಡಿದು ಬೆಟ್ಟ ಹತ್ತಬೇಕು, ದೀಪ ಆರದ ಹಾಗೆ ತುದಿಯ ಗುಡಿಗೆ ಮುಟ್ಟಿಸಬೇಕು. ದಾರಿಯಲ್ಲಿ ಬಾವಲಿ, ಹಳ್ಳ, ಕೋಟೆ, ಗಾಳಿ. ಮೂರನೇ ಹಂತದಲ್ಲಿ ಕೋಟೆಯ ಬಾಗಿಲಿಗೆ ಒಬ್ಬ ಕಾವಲುಗಾರ. ಬಾಯಿ ತೆರೆದುಕೊಂಡು ಗೋಡೆಗೆ ಒರಗಿ ನಿದ್ದೆ ಮಾಡುತ್ತಿರುತ್ತಾನೆ. ಓಡಿದರೆ ಎದ್ದು ಅಟ್ಟಿಸಿಕೊಂಡು ಬರುತ್ತಾನೆ. ಮೆಲ್ಲಗೆ ನಡೆದು ಹೋದರೆ ನಿದ್ದೆಯಲ್ಲೇ ಹೊಟ್ಟೆ ಕೆರೆದುಕೊಂಡು ಮಗ್ಗುಲು ಬದಲಿಸುತ್ತಾನೆ. ಅದನ್ನು ನೋಡಿದಾಗಲೆಲ್ಲ ಗೋದಾಬಾಯಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ಆ ಏಕಾದಶಿಯ ಬೆಳಿಗ್ಗೆ, ವಿಮಾ ಕಚೇರಿಗೆ ಹೊರಟು ಶೂ ಕಟ್ಟುತ್ತಿದ್ದ ಮಗ ಮಧ್ವರಾಜನನ್ನು ಅವರು ಕೇಳಿದರು: "ಅಲ್ಲಾ ರಾಜ, ಈ ಕಾವಲುಗಾರನ್ನ ಯಾರು ಮಾಡಿದ್ದಿರಬಹುದೋ?"

"ಯಾರೂ ಮಾಡಲ್ಲಮ್ಮ. ಕಂಪ್ಯೂಟರಿಗೆ ಹೇಳ್ತಾರೆ, ಅದೇ ಮಾಡ್ಕೊಡುತ್ತೆ. ನಮ್ಮಾಫೀಸಿಗೂ ಒಂದು ಬಂದಿದೆ."

"ನಿಮ್ಮಾಫೀಸಿನ ಕಂಪ್ಯೂಟರು ನಿನ್ನನ್ನ ಯಾವತ್ತಾದ್ರೂ ನಗಿಸಿದೆಯೇನೋ?"

"ಅಳಿಸಿದೆ," ಎಂದು ಮಧ್ವರಾಜ ಸ್ಕೂಟರಿನ ಕೀಲಿ ತೆಗೆದುಕೊಂಡ. "ಸಾಯಂಕಾಲ ನ್ಯೂಸಿನ ಹೊತ್ತಿಗೆ ಟಿವಿ ಖಾಲಿ ಇರಲಿ."

ಸುಪ್ರಜಾ ತಂದೆಯ ಬೆನ್ನಿಗೆ ಕೂಗಿದಳು: "ಕೊನೇಲಿ ಹೆಸರು ಬರತ್ತಂತೆ ಅಪ್ಪಾ, ಸಿನಿಮಾದಲ್ಲಿ ಬರೋ ಹಾಗೆ! ಪೂಂಗೊಡಿ ಅಣ್ಣ ಹೇಳಿದ್ದಾನೆ. ಆದ್ರೆ ಅವನೂ ಕೊನೆ ಮುಟ್ಟಿಲ್ಲ."

ಗೋದಾಬಾಯಿಗೆ ಅಷ್ಟೇ ಸಾಕಾಯಿತು. ಹೆಸರು ಬರುತ್ತದೆಂದರೆ ಯಾರೋ ಇದ್ದಾರೆ. ಯಾರೋ ಇದ್ದಾರೆಂದರೆ ಅದು ಯಾರೆಂದು ನೋಡಲೇಬೇಕು. ನೋಡುವುದಾದರೆ ಇವತ್ತೇ ನೋಡಬೇಕು. ಪೂಂಗೊಡಿಯ ಅಪ್ಪನಿಗೆ ಮೆಟ್ಟೂರಿನ ವಿದ್ಯುತ್ ಸ್ಥಾವರಕ್ಕೆ ವರ್ಗವಾಗಿತ್ತು. ನಾಳೆ ಬೆಳಿಗ್ಗೆ ಲಾರಿಗೆ ಸಾಮಾನು ತುಂಬುವಾಗ ಆ ಡಬ್ಬಿಯೂ ಹೊರಡುವುದಿತ್ತು.

ಆಟ ಶುರುವಾಗುವ ಹೊತ್ತಿಗೆ ಗುಂಡಮ್ಮನೂ ಬಂದಳು. ಗುಂಡಮ್ಮ ಮೊರಪ್ಪೂರಿನಾಚೆಯ ಕುರಿ ಸಾಕುವ ಮನೆಯವಳು, ಎಮ್ಮೆಯೂ ಇತ್ತು. ದ್ವಾದಶಿಯ ಅಡಿಗೆಗೆ ತುಪ್ಪ ಬೇಕಾಗುತ್ತದೆಂದು ಏಕಾದಶಿಯ ದಿನ ರೈಲಿನಲ್ಲಿ ಬೆಣ್ಣೆ ತಂದು ಅಗ್ರಹಾರದ ಮನೆಗಳಿಗೆಲ್ಲ ಕೊಟ್ಟು, ಕೊನೆಗೆ ಈ ಮನೆಯಲ್ಲಿ ಕೂರುತ್ತಿದ್ದಳು. ಮೊದಲು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವಳು ಈಗ ಚಾಪೆಯ ನಡುವೆ, ಟಿವಿಗೆ ಎಲ್ಲರಿಗಿಂತ ಹತ್ತಿರ.

"ನಮ್ಮ ಗಿಡ್ಡಪ್ಪ ಎಲ್ಲಿಗಂಟ ಬಂದವ್ನೆ ಅಮ್ಮಣ್ಣಿ?" ಎನ್ನುತ್ತ ಬುಟ್ಟಿ ಇಳಿಸಿದಳು.

"ಈಗ ಹೊರಟಿದ್ದಾನೆ ಗುಂಡಮ್ಮ. ಇವತ್ತು ಬೆಟ್ಟ ಮುಟ್ಟಿಸಲೇಬೇಕು. ಮಾಡಿದವರ ಹೆಸರು ಬರುತ್ತಂತೆ."

"ಎಸ್ರು ಬತ್ತದಾ! ಅಂಗಾರೆ ನಾನೂ ನೋಡ್ಕಂಡೇ ಓಗದು. ಆ ಬಾವ್ಲಿ ಬುಟ್ಟೋನು ಯಾರು ಅಂತ ನಾನು ಕೇಳ್ಬೇಕು. ಮೊನ್ನೆ ಅದು ಮಕಕ್ಕೇ ಬಂದಾಗ ನಾನು ಇಂದಕ್ಕೆ ಬಿದ್ದೋದ್ನಲ್ಲ."

ಸುಪ್ರಜಾ ಮೊದಲ ಎರಡು ಹಂತ ಚಕಚಕನೆ ದಾಟಿಸಿದಳು. ಅವಳ ಕೈ ಚುರುಕು, ಆದರೆ ಆತುರ. ಮೂರನೆಯದರಲ್ಲಿ ಕಾವಲುಗಾರನನ್ನು ಎಬ್ಬಿಸಿ ಒಂದು ಪ್ರಾಣ ಕಳೆದಳು. "ಅಜ್ಜೀ, ಪೋಚ್ಚು! ಒಂದು ಲೈಫ್ ಪೋಚ್ಚು!" ಎಂದು ಆಟದ ರಿಮೋಟನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಗೋದಾಬಾಯಿ ಕನ್ನಡಕ ಸರಿಮಾಡಿಕೊಂಡು ಗಿಡ್ಡಪ್ಪನನ್ನು ಮೆಲ್ಲಗೆ ನಡೆಸಿದರು. ಕಾವಲುಗಾರ ಹೊಟ್ಟೆ ಕೆರೆದುಕೊಂಡ. ಮೂವರೂ ನಕ್ಕರು.

ಆ ಬಾಗಿಲು ದಾಟಿದೊಡನೆ ಒಂದು ಮಡಕೆ. ಒಡೆದರೆ ಅದರಿಂದ ಹಬೆಯಾಡುವ ಅನ್ನದ ಬಟ್ಟಲು ಬರುತ್ತಿತ್ತು. ಅದನ್ನು ಮುಟ್ಟಿದರೆ ಗಿಡ್ಡಪ್ಪ ಗಬಗಬ ತಿಂದು, ಪರದೆಯ ಮೇಲಿನ ಅವನ ಶಕ್ತಿಯ ಗೆರೆ ಪೂರ್ತಿ ತುಂಬಿಕೊಳ್ಳುತ್ತಿತ್ತು. ಗೋದಾಬಾಯಿ ಮಡಕೆ ಒಡೆದರು, ಬಟ್ಟಲು ನೋಡಿದರು, ಅದರ ಮೇಲಿಂದ ಗಿಡ್ಡಪ್ಪನನ್ನು ಹಾರಿಸಿಕೊಂಡು ಮುಂದೆ ಹೊರಟರು.

"ಅಜ್ಜೀ! ತಿನ್ಲಿಲ್ಲ!"

"ಅನ್ನ ಕಣೇ ಅದು. ಇವತ್ತೇನು?"

"ಅವನೇನು ಮಾಧ್ವನಾ?"

"ನನ್ನ ಕೈಲಿದ್ದಾನಲ್ಲ. ನನ್ನ ಕೈಯಾರೆ ಏಕಾದಶಿ ದಿನ ಯಾರಿಗೂ ಅನ್ನ ಇಕ್ಕಿಲ್ಲ. ಹಣ್ಣಾಗಿದ್ದರೆ ಬೇರೆ ಮಾತು."

ಸುಪ್ರಜಾ ಯೋಚಿಸಿ ವಾದ ಹೂಡಿದಳು. "ಇದು ಜಪಾನಿನ ಆಟ ಅಜ್ಜಿ. ಅಲ್ಲಿ ನಮಗಿಂತ ಮುಂಚೆ ಸೂರ್ಯ ಹುಟ್ತಾನೆ. ಸಾಯಂಕಾಲದ ಹೊತ್ತಿಗೆ ಅಲ್ಲಿ ನಾಳೆ ಆಗೋಗಿರುತ್ತೆ. ಅವನಿಗೆ ದ್ವಾದಶಿ!"

"ಇದ್ದ ಊರಿನ ಪಂಚಾಂಗ ಕಣೇ. ಅವನು ಈಗ ಇರೋದು ಸೇಲಂನಲ್ಲಿ."

ಗುಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಅಯ್ಯೋ ಪಾವಂ, ದೀಪ ಒತ್ಕಂಡು ಬೆಟ್ಟ ಅತ್ತೋನಿಗೆ ಒಟ್ಟೆಗಿಲ್ದೆ ಆಯ್ತದಾ? ಇಲ್ಲಿ ಕೊಡಿ ಅಮ್ಮಣ್ಣಿ. ನನಗೇನು ಏಕಾದಸಿಯಾ, ದ್ವಾದಸಿಯಾ? ಈಗ ತಾನೆ ರೈಲಲ್ಲಿ ಮುದ್ದೆ ತಿಂದ್ಕಂಡು ಬಂದಿವ್ನಿ. ನಾನು ಉಣ್ಣಿಸ್ತೀನಿ."

ಗೋದಾಬಾಯಿ ಇದನ್ನು ನಿಧಾನವಾಗಿ ಯೋಚಿಸಿದರು. ವ್ರತವಿಲ್ಲದವರು ಉಣ್ಣಿಸಿದರೆ ತಮ್ಮ ವ್ರತಕ್ಕೇನೂ ಭಂಗವಿಲ್ಲ. ಸ್ಟಾರ್ಟ್ ಗುಂಡಿ ಒತ್ತಿ ಆಟ ನಿಲ್ಲಿಸಿ ರಿಮೋಟನ್ನು ಗುಂಡಮ್ಮನ ಕೈಗೆ ಕೊಟ್ಟರು. ಅಂದಿನಿಂದ ಎನ್ನುವುದಕ್ಕಿಂತ ಆ ಗಳಿಗೆಯಿಂದ ಅದೇ ಪದ್ಧತಿಯಾಯಿತು. ಅನ್ನ ಕಂಡರೆ ಆಟ ನಿಲ್ಲುವುದು, ರಿಮೋಟು ಕೈ ಬದಲಾಗುವುದು, ಗುಂಡಮ್ಮ ಉಣ್ಣಿಸುವುದು.

ತೊಂದರೆ ಏನೆಂದರೆ ಗುಂಡಮ್ಮನಿಗೆ ಒಂದೇ ಗುಂಡಿ ಒತ್ತಿ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ಒತ್ತುತ್ತಾಳೆ. ಗಿಡ್ಡಪ್ಪ ಎಡಕ್ಕೆ ಹೋಗಬೇಕಾದರೆ ಅವಳೂ ಎಡಕ್ಕೆ ವಾಲಿ ಸುಪ್ರಜಾಳ ಮೇಲೆ ಬೀಳುತ್ತಾಳೆ. ಐದನೇ ಹಂತದಲ್ಲಿ ಅನ್ನ ತಿನ್ನಿಸಿದ ಖುಷಿಗೆ ಕೈ ಬಿಡುವುದನ್ನೇ ಮರೆತು ಅವನನ್ನು ನೇರ ಹಳ್ಳಕ್ಕೆ ಇಳಿಸಿದಳು.

"ಉಂಡು ಕೈ ತೊಳೆಯೋಕೆ ಓದ ಕಣವ್ವ," ಎಂದಳು ಸುಪ್ರಜಾಳ ಮುಖ ನೋಡಿ.

"ಗುಂಡಮ್ಮಾ! ಇನ್ನೊಂದೇ ಲೈಫ್ ಇರೋದು!"

"ಆ ಅಳ್ಳ ತೋಡಿದೋನ್ನ ಬೈಯಿ, ನನ್ನ ಬೈಯ್ಬೇಡ. ಉಣ್ಣೋ ಜಾಗದ ಪಕ್ಕಕ್ಕೇ ಯಾರಾದ್ರೂ ಅಳ್ಳ ತೋಡ್ತಾರಾ? ಅವ್ನಿಗೆ ಎಂಡ್ತಿ ಇಲ್ಲ, ನೋಡ್ಕೊ. ಇದ್ದಿದ್ರೆ ಬುದ್ಧಿ ಏಳಿರೋಳು."

"ಒಬ್ಬರೇ ಮಾಡಿರಲ್ಲ ಗುಂಡಮ್ಮ," ಎಂದಳು ಸುಪ್ರಜಾ. "ಒಬ್ಬರು ಚಿತ್ರ, ಒಬ್ಬರು ಸಂಗೀತ, ಒಬ್ಬರು ಲೆಕ್ಕ."

ಗೋದಾಬಾಯಿ ಆಟ ಬಿಡದೆಯೇ ಹೇಳಿದರು: "ಹಳ್ಳ ತೋಡಿದವನು ಸಿಡುಕ. ಸಣ್ಣ ವಯಸ್ಸು. ಸಂಗೀತ ಮಾಡಿದವನು ಸ್ವಲ್ಪ ಸೋಮಾರಿ, ಅದನ್ನೇ ತಿರುಗಿ ತಿರುಗಿ ಬಾರಿಸ್ತಾನೆ. ಆದರೆ ಆ ಕಾವಲುಗಾರನ್ನ ಮಾಡಿದ್ದು ಮಾತ್ರ ಬೇರೆ ಯಾರೋ. ಅವರಿಗೆ ನಾವು ಸೋಲಬೇಕು ಅಂತ ಇಲ್ಲ. ನಾವು ಮೆಲ್ಲಗೆ ಹೋಗ್ತೀವಾ ಅಂತ ಕಾದು ಕೂತಿದ್ದಾರೆ. ಹೋದರೆ, ತಗೊ, ಇದನ್ನ ನೋಡು ಅಂತ ಒಂದು ತಮಾಷೆ ಇಟ್ಟಿದ್ದಾರೆ. ಓಡಿದವರಿಗೆ ಅದು ಸಿಕ್ಕೋದೇ ಇಲ್ಲ. ನನಗೆ ಅವರ ಹೆಸರೊಂದು ಗೊತ್ತಾಗಬೇಕು."

ಹೊರಗೆ ಬಿಸಿಲು ಇಳಿಯಿತು. ಕೊನೆಯ ಹಂತ ಬರೀ ಮೆಟ್ಟಿಲು ಮತ್ತು ಗಾಳಿ. ಗಾಳಿ ಬೀಸಿದಾಗ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು, ನಿಂತಾಗ ಮೇಲಿಂದ ಕಲ್ಲು ಬೀಳುತ್ತವೆ. ಗೋದಾಬಾಯಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಿದ್ದರು. ಗುಂಡಮ್ಮ ಗಡಿಯಾರ ನೋಡಿ ಎದ್ದಳು, ಕೂತಳು, ಮತ್ತೆ ಎದ್ದಳು.

"ಪ್ಯಾಸೆಂಜರು ಓಯ್ತದೆ ಅಮ್ಮಣ್ಣಿ. ಓಗ್ಬೇಕಲ್ಲಾ. ಎಮ್ಮೆ ಕರಿಯೋರಿಲ್ಲ."

"ಹೋಗಿ ಬಾ ಗುಂಡಮ್ಮ. ಹೆಸರು ಬಂದರೆ ಬರೆದಿಟ್ಟುಕೊಂಡು ಹೇಳ್ತೀನಿ."

ಗುಂಡಮ್ಮ ಬುಟ್ಟಿ ಎತ್ತಿಕೊಂಡು, ಹಿಂಹಿಂದಕ್ಕೆ ಹೆಜ್ಜೆಯಿಡುತ್ತ ಟಿವಿಯನ್ನು ನೋಡುತ್ತಲೇ ಬಾಗಿಲು ದಾಟಿದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಒಂದು ಕಲ್ಲು ತಗುಲಿತು. ಗಿಡ್ಡಪ್ಪನ ಶಕ್ತಿಯ ಗೆರೆ ಕೂದಲೆಳೆಯಷ್ಟಾಯಿತು. ಇರುವುದು ಕೊನೆಯ ಪ್ರಾಣ. ಮುಂದಿನ ಮೆಟ್ಟಿಲ ಮೇಲೆ ಒಂದು ಮಡಕೆ. ಒಡೆದರು. ಹಬೆಯಾಡುವ ಅನ್ನ. ಗೋದಾಬಾಯಿ ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿದರು. ಉಣ್ಣಿಸುವವಳು ಇರಲಿಲ್ಲ.

"ಅಜ್ಜಿ, ಪ್ಲೀಸ್. ನಾನು ತಿನ್ನಿಸ್ಲಾ?"

"ನೀನೂ ಬೆಳಿಗ್ಗೆಯಿಂದ ಹಣ್ಣು ತಿಂದುಕೊಂಡು ವ್ರತದಲ್ಲಿದ್ದೀಯ. ಕೆಡಿಸಿಕೋಬೇಡ."

"ಹಾಗಾದ್ರೆ ಸಾಯ್ತಾನೆ! ಹೆಸರು?"

ಗೋದಾಬಾಯಿ ನಿಂತ ಚಿತ್ರವನ್ನೇ ನೋಡುತ್ತಿದ್ದರು. ಅವರಿಗೆ ಆ ಹೆಸರು ಎಷ್ಟು ಬೇಕಾಗಿತ್ತೆಂದು ರಿಮೋಟು ಹಿಡಿದಿದ್ದ ಬೆರಳುಗಳಿಂದಲೇ ತಿಳಿಯುತ್ತಿತ್ತು. ಆದರೂ ಆ ಬೆರಳು ಬಟ್ಟಲಿನ ಕಡೆಗೆ ಹೋಗಲೊಲ್ಲದು.

ಸ್ಕೂಟರಿನ ಸದ್ದಾಯಿತು. ಮಧ್ವರಾಜ ಒಳಗೆ ಬಂದ. ನ್ಯೂಸ್ ಕೇಳಬೇಕೆಂದು ಬಾಯಿ ತೆರೆದವನು ಇಬ್ಬರ ಮುಖ ನೋಡಿ ಚೀಲ ಹಿಡಿದೇ ನಿಂತ. ಸುಪ್ರಜಾ ಅಳುಮೋರೆಯಲ್ಲಿ ಎಲ್ಲವನ್ನೂ ಒದರಿದಳು: ಬೆಟ್ಟದ ತುದಿ ಇಲ್ಲೇ ಇದೆ, ಗುಂಡಮ್ಮ ಹೋಗಿಬಿಟ್ಟಳು, ಅನ್ನ ಮುಂದೆಯೇ ಇದೆ, ಇವತ್ತು ಏಕಾದಶಿ.

"ಅಮ್ಮಾ, ಇದು ಗೇಮು!"

"ಗೇಮಾದರೆ ನೀನ್ಯಾಕೋ ಚೀಲ ಕೆಳಗಿಡದೆ ನೋಡ್ತಾ ನಿಂತಿದ್ದೀಯ?"

ಮಧ್ವರಾಜ ಚೀಲ ಕೆಳಗಿಟ್ಟ. ಗಿಡ್ಡಪ್ಪನನ್ನು ನೋಡಿದ, ತಾಯಿಯನ್ನು ನೋಡಿದ, ಕೈ ಚಾಚಿದ.

"ಕೊಡಿಲ್ಲಿ. ನಾನು ತಿನ್ನಿಸ್ತೀನಿ."

"ನಿನಗೂ ಉಪವಾಸ ಅಲ್ಲವೇನೋ?"

"ಅಂದ್ರೆ... ಮಧ್ಯಾಹ್ನ ನಮ್ಮ ಮುತ್ತುಸ್ವಾಮಿಗೆ ಪ್ರಮೋಷನ್ ಆಯ್ತು. ಕ್ಯಾಂಟೀನಿಗೆ ಎಳ್ಕೊಂಡು ಹೋದ. ಎರಡು ಇಡ್ಲಿ."

ಸುಪ್ರಜಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಗೋದಾಬಾಯಿ ಕನ್ನಡಕದ ಮೇಲಿಂದ ಮಗನನ್ನು ನೋಡಿದರು.

"ಬರೀ ಇಡ್ಲಿನಾ?"

"ಒಂದು ವಡೆ."

"ಸಾಂಬಾರು?"

"ಅವರೇ ಹಾಕ್ಬಿಟ್ರಮ್ಮ."

ಗೋದಾಬಾಯಿ ತುಟಿ ಬಿಗಿಹಿಡಿದರೂ ನಗು ಮೂಗಿನಿಂದ ಹೊರಬಂತು. "ಬಾ, ಕೂತ್ಕೊ," ಎಂದು ರಿಮೋಟು ಚಾಚಿದರು. "ನಿನ್ನ ಇಡ್ಲಿ ಇವತ್ತು ಯಾರಿಗಾದರೂ ಉಪಯೋಗವಾಗಲಿ."

ಮಧ್ವರಾಜ ಪ್ಯಾಂಟು ಎತ್ತಿಕೊಂಡು ಚಾಪೆಯ ಮೇಲೆ ಕುಳಿತ. ಸುಪ್ರಜಾ ಅವನ ಹೆಬ್ಬೆರಳನ್ನು ಹಿಡಿದು ಯಾವ ಗುಂಡಿಯೆಂದು ತೋರಿಸಿದಳು. ಗಿಡ್ಡಪ್ಪ ಒಂದು ಹೆಜ್ಜೆ ಇಟ್ಟ, ಬಟ್ಟಲು ಮುಟ್ಟಿದ, ಗಬಗಬ ತಿಂದ. ಗೆರೆ ತುಂಬಿತು. "ತಿಂದ! ತಿಂದ!" ಎಂದು ಮಧ್ವರಾಜ ಕೂಗಿದ್ದು ಬೀದಿಗೇ ಕೇಳಿಸಿತು.

ಮತ್ತೆ ರಿಮೋಟು ಗೋದಾಬಾಯಿಯ ಕೈಗೆ. ಅವರು ಆತುರಪಡಲಿಲ್ಲ. ಗಾಳಿ ಬಂದರೆ ನಿಂತರು, ಕಲ್ಲು ಬಂದರೆ ಸರಿದರು. ಕೊನೆಯ ಮೆಟ್ಟಿಲು ಹತ್ತಿ, ಗುಡಿಯ ಬಾಗಿಲಲ್ಲಿ ಗಿಡ್ಡಪ್ಪ ತಾನಾಗಿಯೇ ನಡೆದುಹೋಗಿ ದೀಪ ಇಟ್ಟ. ಬೆಟ್ಟವೆಲ್ಲ ಬೆಳಕಾಯಿತು.

"ಮುಟ್ಟಿಸಿದ್ವಿ!" ಎಂದು ಸುಪ್ರಜಾ ಕಿರುಚಿದಳು.

ಆ ಕೂಗಿಗೆ ಹೊರಗಿನಿಂದ "ಬಂದೆ, ಬಂದೆ, ತಡೀರವ್ವಾ!" ಎಂಬ ದನಿ. ಗುಂಡಮ್ಮ ಬುಟ್ಟಿಯ ಸಮೇತ ಓಡಿಬಂದಳು. ಅವಳು ರೈಲ್ವೆ ಸ್ಟೇಷನ್ನಿಗೆ ಹೋಗಿರಲೇ ಇಲ್ಲ. ಮೂಲೆಯ ಅರುಣಾಚಲಂ ಅಂಗಡಿಯಲ್ಲಿ ಎಲೆ ಅಡಿಕೆ ಕೊಳ್ಳಲು ನಿಂತು, ಗಿಡ್ಡಪ್ಪನ ಕಥೆಯನ್ನು ಮೊದಲಿನಿಂದ ಹೇಳುತ್ತ ಮೈಮರೆತಿದ್ದಳು. ರೈಲು ಹೋಗಿಬಿಟ್ಟಿತ್ತು.

ಪರದೆಯ ಮೇಲೆ ಆಟದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ನಾಟಕ ಮುಗಿದ ಮೇಲೆ ಬರುವಂತೆ ತಲೆಬಾಗತೊಡಗಿದರು. ಪ್ರತಿಯೊಬ್ಬರ ಕೆಳಗೂ ಅವರನ್ನು ಬರೆದವರ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ. ಬಾವಲಿ ಬಂತು. ಅದರ ಕೆಳಗಿನ ಹೆಸರು ಓದುವಷ್ಟರಲ್ಲಿ ಗುಂಡಮ್ಮ ಬೈದು ಮುಗಿಸಿದಳು. ಆಮೇಲೆ ಕಾವಲುಗಾರ, ಆಕಳಿಸುತ್ತ.

"ಓದೇ, ಓದೇ ಬೇಗ!"

"ಯೋರಿ... ಸಕುಮಾ," ಎಂದಳು ಸುಪ್ರಜಾ.

"ಯೋರಿ ಸಕುಮಾ," ಎಂದು ಗೋದಾಬಾಯಿ ಮೆಲ್ಲಗೆ ಹೇಳಿ ನೋಡಿದರು. ಮತ್ತೊಮ್ಮೆ ಹೇಳಿದರು. ಹೆಸರು ಬಾಯಿಗೆ ಸರಿಯಾಗಿ ಕೂತಿತು. ಅವರ ಮುಖ ನೋಡಿದರೆ, ಬಹಳ ದಿನದಿಂದ ಕಾಗದದಲ್ಲಷ್ಟೇ ಗೊತ್ತಿದ್ದ ನೆಂಟರು ಬಾಗಿಲಿಗೆ ಬಂದು ನಿಂತ ಹಾಗಿತ್ತು.

"ಗಂಡಸೋ ಹೆಂಗಸೋ?" ಎಂದು ಕೇಳಿದರು.

"ಗಂಡಸೇ ಇರಬೇಕು," ಎಂದ ಮಧ್ವರಾಜ.

ಗುಂಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಎಂಗಸೇ ಸಾಮಿ! ಬಾಯಿ ಬುಟ್ಕಂಡು ಮಲಗೋನ್ನ ದಿನಾ ಪಕ್ಕದಲ್ಲಿ ನೋಡ್ದೋಳ್ಗೇ ಇಂಗೆ ಬರೆಯೋಕಾಗೋದು. ಗಂಡಸಿಗೆ ತಾನು ಎಂಗೆ ಮಲಗ್ತೀನಿ ಅಂತ ಎಂಗೆ ಗೊತ್ತಾಯ್ತದೆ?"

"ಅಲ್ಲ ಗುಂಡಮ್ಮ, ಜಪಾನಲ್ಲಿ..."

"ಜಪಾನಲ್ಲಿ ಗಂಡಸ್ರು ನಿದ್ದೆ ಮಾಡಲ್ವಾ?"

ನ್ಯೂಸಿನ ಹೊತ್ತು ಕಳೆದುಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ರೈಲು ತಪ್ಪಿಸಿಕೊಂಡವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬರಬೇಕೆಂದು ಗೋದಾಬಾಯಿ ಮಗನಿಗೆ ಹೇಳಿದರು. ವಡೆಯ ಮಾತು ಮತ್ತೆ ಏಳುವ ಮೊದಲೇ ಅವನು ಕೀಲಿ ತೆಗೆದುಕೊಂಡ. ಗುಂಡಮ್ಮ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ತಿರುವು ದಾಟುವವರೆಗೂ ಅವಳ ವಾದ ಕೇಳಿಸುತ್ತಿತ್ತು.

ಮಧ್ವರಾಜ ಬರುವುದು ತಡವಾಯಿತು. ಬಂದವನು ಚಪ್ಪಲಿ ಬಿಡುತ್ತಲೇ ಹೇಳಿದ: "ಹೆಂಗಸೇ ಅಂತಮ್ಮ."

"ಯಾರು ಹೇಳಿದ್ದು?"

"ಬಸ್ಸು ಹೊರಡೋವರೆಗೂ ನಾನು ಬಿಡಲಿಲ್ಲ. ಇಲ್ಲ, ಗಂಡಸೇ, ಹೆಸರು ನೋಡು, ಹೀಗೆ, ಹಾಗೆ ಅಂತ ಎಲ್ಲ ಹೇಳಿದೆ. ಕಂಡಕ್ಟರು ನಡುವೆ ಬಂದು ಯಾರ ವಿಷಯ ಅಂತ ಕೇಳಿದ. ಗುಂಡಮ್ಮ ಅವನಿಗೂ ಹೇಳಿದಳು. ಅವನೂ ಅವಳ ಕಡೆಗೇ ಸೇರ್ಕೊಂಡ." ಮಧ್ವರಾಜ ಕಂಬಕ್ಕೆ ಒರಗಿ ಕೂತ. "ಆದರೂ ಆ ಯೋರಿ ಗಂಡಸೇ ಅಮ್ಮ. ನೀನೇನಂತೀ?"